ಅರ್ಥ ಕೇಳಿದರೆ ವಂಶಾವಳಿಯನ್ನೇ ಬಿಚ್ಚುವ ಫ್ಯಾನ್‌ಲೋರ್

ಧಾರಾವಾಹಿ, ಸಿನಿಮಾ, ಪುಸ್ತಕಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆಗಳ, ಅಂದರೆ ಫ್ಯಾನ್ ಫಿಕ್ಷನ್‌ನ, ಓದುಗರ ನಡುವೆ ಓಡಾಡುವ ಪದಗಳ ಅರ್ಥ ಹುಡುಕಲು ಫ್ಯಾನ್‌ಲೋರ್ ಎಂಬ ವಿಕಿಗಿಂತ ಹೆಚ್ಚು ನೆರವಾಗುವ ತಾಣವನ್ನು ನಾನು ಕಂಡಿಲ್ಲ. ಲಾಭದ ಉದ್ದೇಶವಿಲ್ಲದ ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಸಂಸ್ಥೆ 2008ರಲ್ಲಿ ಆರಂಭಿಸಿದ ಇದನ್ನು ಸ್ವಯಂಸೇವಕರೇ ಬರೆದು ಬೆಳೆಸುತ್ತಿದ್ದಾರೆ. ಓದಲು ಶುಲ್ಕವೇನೂ ಇಲ್ಲ.

'ಸ್ಲ್ಯಾಶ್' ಪದವನ್ನೇ ನೋಡಿ. 1970ರ ದಶಕದಲ್ಲಿ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಅಭಿಮಾನಿಗಳು ಅದರ ಗಂಡು ಪಾತ್ರಗಳಾದ ಕರ್ಕ್ ಮತ್ತು ಸ್ಪಾಕ್ ಪರಸ್ಪರ ಪ್ರೀತಿಸುವ ಕಥೆಗಳನ್ನು ಗುರುತಿಸಲು ಆ ಎರಡು ಹೆಸರುಗಳ ನಡುವೆ ಓರೆಗೆರೆ (/) ಎಳೆದರು. ಆ ಗೆರೆಯ ಇಂಗ್ಲಿಷ್ ಹೆಸರೇ ಮುಂದೆ ಸಲಿಂಗ ಪ್ರೇಮಕಥೆಗಳ ಇಡೀ ಪ್ರಕಾರಕ್ಕೆ ಅಂಟಿಕೊಂಡಿತು. ಈಗ ಗಂಡು ಹೆಣ್ಣಿನ ಜೋಡಿಗೂ ಅದೇ ಗೆರೆಯನ್ನು ಹಾಕುವುದು ರೂಢಿಯಾಗಿರುವುದರಿಂದ ಗೆರೆ ಎಲ್ಲ ಪ್ರೇಮಿಗಳ ಪಾಲಾಗಿದೆ, ಪದ ಮಾತ್ರ ತನ್ನ ಹಳೆಯ ಮನೆಯಲ್ಲೇ ಉಳಿದಿದೆ. 'ಮೇರಿ ಸೂ' ಪಟ್ಟ ಪಾಡು ಇನ್ನೂ ವಿಚಿತ್ರ. ಸ್ಟಾರ್ ಟ್ರೆಕ್ ಅಭಿಮಾನಿಗಳ ಕಥೆಗಳನ್ನು ಅಣಕಿಸಿ 1973ರಲ್ಲಿ ಪೌಲಾ ಸ್ಮಿತ್ ಬರೆದ ವಿಡಂಬನೆಯಲ್ಲಿ ಅವಳು ಹದಿನೈದೂವರೆ ವಯಸ್ಸಿಗೇ ಲೆಫ್ಟಿನೆಂಟ್ ಆಗಿ ಎಲ್ಲರ ಮೆಚ್ಚುಗೆ ಗಳಿಸುವ ಹುಡುಗಿ. ಅಂದು ನಗೆಗೆ ಗುರಿಯಾದದ್ದು ಹೊಸ ಬರಹಗಾರ್ತಿಯರ ಹಗಲುಗನಸು. ಇಂದು ಸಮರ್ಥಳಾದ ಯಾವ ನಾಯಕಿಯನ್ನಾದರೂ ಹೀಗಳೆಯಲು ಈ ಹೆಸರನ್ನು ಬಳಸುವವರಿದ್ದಾರೆ. ಕಟ್ಟುನಿಟ್ಟಾಗಿ 100 ಪದಗಳಿರಬೇಕಿದ್ದ 'ಡ್ರಾಬಲ್' ಈಗ ಅನೇಕರಿಗೆ ಬರಿಯ ಪುಟ್ಟ ಕಥೆ. (ಒಮ್ಮೆ ಎಣಿಸಿ ಬರೆದು ಸೋತವನಾದ್ದರಿಂದ ನಾನು ಹಳಬರ ಪಕ್ಷ.)

ಇವುಗಳಲ್ಲಿ ಯಾವುದು ಸರಿಯಾದ ಅರ್ಥ ಎಂಬ ತೀರ್ಪನ್ನು ಫ್ಯಾನ್‌ಲೋರ್ ಕೊಡುವುದಿಲ್ಲ. ಭಿನ್ನ ದೃಷ್ಟಿಗಳಿಗೆ ಒಟ್ಟಿಗೇ ಜಾಗ ಕೊಡುವುದು ಅದರ ಘೋಷಿತ ನೀತಿ. ಹಾಗಾಗಿ ಬೇರೆ ಬೇರೆ ಕಾಲದ ಅಭಿಮಾನಿಗಳ ಮಾತುಗಳನ್ನು, ಜಗಳಗಳನ್ನೂ ಸೇರಿಸಿ, ಉದ್ಧರಿಸುತ್ತದೆ. ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಮುಂದಿಟ್ಟು ಅರ್ಥ ಹೇಳುವ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತಿರುವಿದವರಿಗೆ ಈ ಕ್ರಮ ಪರಿಚಿತವೆನಿಸೀತು.

ಕೊರತೆಗಳು ಸಣ್ಣವಲ್ಲ. ಬರೆಯುವವರ ಆಸಕ್ತಿ ಹರಿದತ್ತ ಪುಟಗಳು ಬೆಳೆಯುವುದರಿಂದ ಸ್ಟಾರ್ ಟ್ರೆಕ್ ಕುರಿತ ಬರಹ ಸೊಂಪಾಗಿದ್ದರೆ, ಇತರ ಎಷ್ಟೋ ಪುಟಗಳು ನಾಲ್ಕು ಸಾಲಿಗೆ ನಿಂತಿವೆ. ಬಹುಪಾಲು ಇಂಗ್ಲಿಷ್ ಅಭಿಮಾನಿ ಲೋಕದ್ದೇ ನೆನಪು. ಉದ್ಧರಣೆಗಳು ಕೆಲವೆಡೆ ಎಷ್ಟು ಉದ್ದವೆಂದರೆ ಹುಡುಕಿ ಬಂದ ಪದವೇ ಮರೆತುಹೋಗುತ್ತದೆ. ಅವಸರವಿರುವವರು ಮೊದಲ ಪ್ಯಾರಾ ಓದಿ ಎದ್ದುಬಿಡಬಹುದು. ನನಗೆ ಮಾತ್ರ ಅದು ಒಮ್ಮೆಯೂ ಸಾಧ್ಯವಾಗಿಲ್ಲ.