ಎಸ್‌ಟಿಐ ಪರೀಕ್ಷೆ: ರಕ್ತಕ್ಕೆ ಸರ್ಕಾರಿ ಆಸ್ಪತ್ರೆ, ಸ್ವ್ಯಾಬ್‌ಗೆ ಖಾಸಗಿ ಲ್ಯಾಬ್

ಗಂಡಸರ ಜೊತೆ ಸಂಬಂಧ ಇರುವ ಗಂಡಸರಿಗೆ, ಗೇ ಇರಲಿ ಬೈಸೆಕ್ಷುಯಲ್ ಇರಲಿ, ಕರ್ನಾಟಕದಲ್ಲಿ ಲೈಂಗಿಕ ಸೋಂಕಿನ (ಎಸ್‌ಟಿಐ) ಪರೀಕ್ಷೆಗೆ ಸದ್ಯ ಮೂರು ದಾರಿಗಳಿವೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ), ಅದೇ ಆವರಣದ ಸುರಕ್ಷಾ ಕ್ಲಿನಿಕ್ (ಲೈಂಗಿಕ ರೋಗದ ಕ್ಲಿನಿಕ್), ಖಾಸಗಿ ಲ್ಯಾಬುಗಳ ‘ಎಸ್‌ಟಿಡಿ ಪ್ಯಾಕೇಜ್’. ಬಸ್ ಸ್ಟ್ಯಾಂಡ್ ಶೌಚಾಲಯದ ಗೋಡೆಯ ಮೇಲೆ ‘ಗುಪ್ತರೋಗ, ನರದೌರ್ಬಲ್ಯ, ಶೀಘ್ರ ಗುಣ’ ಎಂದು ಅಂಟಿಸಿರುತ್ತಾರಲ್ಲ, ಅದು ನಾಲ್ಕನೆಯ ದಾರಿ ಅಲ್ಲ. ಅಲ್ಲಿ ಪರೀಕ್ಷೆಯೇ ಇರುವುದಿಲ್ಲ, ಬರೀ ಬಿಲ್ಲು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಚ್‌ಐವಿ ಮತ್ತು ಸಿಫಿಲಿಸ್‌ಗೆ ಸರ್ಕಾರಿ ವ್ಯವಸ್ಥೆ ಕಣ್ಣು ಮುಚ್ಚಿಕೊಂಡು ಹೋಗುವಷ್ಟು ಚೆನ್ನಾಗಿದೆ. ಗೊನೊರಿಯಾ, ಕ್ಲಮೈಡಿಯಾ (ಬ್ಯಾಕ್ಟೀರಿಯಾದಿಂದ ಬರುವ ಎರಡು ಲೈಂಗಿಕ ಸೋಂಕುಗಳು) ವಿಷಯದಲ್ಲಿ ಅದು ಸೋಲುತ್ತದೆ. ಖಾಸಗಿ ಪ್ಯಾಕೇಜ್ ಇನ್ನೊಂದು ಬಗೆಯಲ್ಲಿ ಸೋಲುತ್ತದೆ: ಹತ್ತಾರು ಪರೀಕ್ಷೆ ಮಾಡಿ, ಬೇಕಾದದ್ದನ್ನೇ ಬಿಟ್ಟಿರುತ್ತದೆ.

ಐಸಿಟಿಸಿಯಿಂದ ಶುರು ಮಾಡೋಣ. ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ), ಮಂಗಳೂರಿನ ವೆನ್ಲಾಕ್, ಇಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೆಲ್ಲ ಈ ಕೇಂದ್ರ ಇರುತ್ತದೆ. ಪರೀಕ್ಷೆ ಪೂರ್ತಿ ಉಚಿತ. ಹತ್ತಿರದ್ದು ಯಾವುದು ಎಂದು ಗೊತ್ತಾಗದಿದ್ದರೆ 1097 ಸಹಾಯವಾಣಿಗೆ ಕರೆ ಮಾಡಿದರೆ ಹೇಳುತ್ತಾರೆ, ಅದಕ್ಕೂ ದುಡ್ಡಿಲ್ಲ. ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ನಂತರ ಹೋದರೆ ರಕ್ತ ತೆಗೆದುಕೊಂಡರೂ ರಿಪೋರ್ಟ್ ಮರುದಿನಕ್ಕೆ ಬೀಳಬಹುದು.

ಒಳಗೆ ಹೋದರೆ ಮೊದಲು ಆಪ್ತ ಸಮಾಲೋಚಕರ ಕೋಣೆ. ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆದುಕೊಂಡು, ಯಾಕೆ ಬಂದಿರಿ ಎಂದು ಕೇಳುತ್ತಾರೆ. ಇಲ್ಲಿ ‘ಸುಮ್ಮನೆ ಚೆಕಪ್’ ಎನ್ನುವುದಕ್ಕಿಂತ ‘ಗಂಡಸರ ಜೊತೆ ಸಂಬಂಧ ಇದೆ’ ಎಂದರೆ ಕೆಲಸ ಸರಿಯಾಗುತ್ತದೆ. ಅವರ ರಿಜಿಸ್ಟರಿನಲ್ಲಿ ಎಂಎಸ್‌ಎಂ (ಗಂಡಸರ ಜೊತೆ ಸಂಬಂಧ ಇರುವ ಗಂಡಸರು) ಎಂಬ ಕಾಲಮ್ಮೇ ಇದೆ, ಅವರಿಗೆ ಅದು ದಿನಬಳಕೆಯ ಮಾತು. ಸಮುದಾಯದ ಸಂಸ್ಥೆಗಳ ಮೂಲಕ ಕೋತಿ, ಪಂತಿ, ಡಬಲ್ ಡೆಕ್ಕರ್ (ಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವ, ಒಳಗೆ ಹಾಕುವವ, ಎರಡೂ ಮಾಡುವವ ಎಂಬ ಅರ್ಥದ ಸಮುದಾಯದ ಪದಗಳು) ಎಂದು ಹೇಳಿಕೊಂಡೇ ಬರುವವರನ್ನು ನೋಡಿದವರು ಅವರು. ಕೆಲವು ಕಡೆ ಎರಡು ನಿಮಿಷ ಉಪದೇಶವೂ ಸಿಗುತ್ತದೆ, ‘ಮದುವೆ ಆಗಿಲ್ವಾ’ ಎಂಬ ಪ್ರಶ್ನೆಯೂ ಬರುತ್ತದೆ. ಉತ್ತರ ಕೊಡಲೇಬೇಕಾಗಿಲ್ಲ. ಹೆಂಡತಿ ಇದ್ದರೆ ಮಾತ್ರ ಹೇಳಿ, ಅವರ ಪರೀಕ್ಷೆಯ ವಿಚಾರ ಬೇರೆಯಾಗಿ ಮಾತಾಡಬೇಕಾಗುತ್ತದೆ.

ಒಪ್ಪಿಗೆ ಪಡೆಯದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ, ಪರೀಕ್ಷೆಗೆ ಮೊದಲೂ ಆಮೇಲೂ ಸಮಾಲೋಚನೆ, ಫಲಿತಾಂಶದ ಗೋಪ್ಯತೆ, ಮೂರನ್ನೂ ಅದು ಕಡ್ಡಾಯ ಮಾಡಿದೆ. ಖಾಸಗಿ ಲ್ಯಾಬಿಗೂ ಇದೇ ಕಾಯ್ದೆ. ಆದರೆ ಮನೆಗೆ ಬಂದು ರಕ್ತ ತೆಗೆಯುವ ಹುಡುಗ ಸಮಾಲೋಚನೆ ಮಾಡಿದ್ದನ್ನು ಯಾರೂ ಕಂಡಿಲ್ಲ.

ಪರೀಕ್ಷೆಯ ಕ್ರಮ ಅಚ್ಚುಕಟ್ಟಾಗಿದೆ. ತೋಳಿನಿಂದ ಒಂದು ಟ್ಯೂಬ್ ರಕ್ತ. ಮೊದಲ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂದರೆ ನೆಗೆಟಿವ್ ಎಂದೇ ರಿಪೋರ್ಟ್. ರಿಯಾಕ್ಟಿವ್ (ಸೋಂಕಿನ ಸುಳಿವು) ಬಂದರೆ ಅದೇ ರಕ್ತದ ಮೇಲೆ ಬೇರೆ ಬೇರೆ ತಯಾರಿಕೆಯ ಇನ್ನೆರಡು ಕಿಟ್ ಹಾಕುತ್ತಾರೆ, ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್. ಚಿಕ್ಕ ಆರೋಗ್ಯ ಕೇಂದ್ರಗಳಲ್ಲಿ ಬೆರಳು ಚುಚ್ಚಿ ಮಾಡುವುದು ಬರೀ ಸ್ಕ್ರೀನಿಂಗ್. ಅಲ್ಲಿ ಗೆರೆ ಮೂಡಿದರೆ ಅದನ್ನೇ ಕೊನೆಯ ಮಾತು ಎಂದುಕೊಳ್ಳದೆ ದೊಡ್ಡ ಐಸಿಟಿಸಿಗೆ ಹೋಗಬೇಕು. ಖಾಸಗಿ ಲ್ಯಾಬಿನ ಒಂದೇ ಎಲೈಸಾ (ಎಚ್‌ಐವಿ ಹುಡುಕುವ ಲ್ಯಾಬಿನ ರಕ್ತಪರೀಕ್ಷೆ) ರಿಪೋರ್ಟ್ ಹಿಡಿದುಕೊಂಡು ವಾರಗಟ್ಟಲೆ ನಿದ್ದೆಗೆಟ್ಟವರಿಗೂ ಇದೇ ಮಾತು. ಮೂರು ಕಿಟ್ಟಿನ ದೃಢೀಕರಣ ಐಸಿಟಿಸಿಯಲ್ಲಿ ಬಿಟ್ಟಿ ಆಗುತ್ತದೆ, ಪಾಸಿಟಿವ್ ಆದರೆ ಅಲ್ಲಿಂದಲೇ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಕ್ಕೆ ಕಳಿಸುತ್ತಾರೆ.

ರಕ್ತ ಕೊಡುವಾಗಲೇ ಸಿಫಿಲಿಸ್ ಪರೀಕ್ಷೆಯನ್ನೂ ಬಾಯಿಬಿಟ್ಟು ಕೇಳಿ. ತಾನಾಗಿಯೇ ಮಾಡುತ್ತಾರೆ ಎಂದು ನಂಬಿಕೊಂಡು ಬಂದರೆ ಎಷ್ಟೋ ಸಲ ಎಚ್‌ಐವಿ ಚೀಟಿ ಮಾತ್ರ ಕೈಗೆ ಬರುತ್ತದೆ.

ಸುರಕ್ಷಾ ಕ್ಲಿನಿಕ್ ಸಾಮಾನ್ಯವಾಗಿ ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ ನಡೆಯುವುದು ಲಕ್ಷಣ ನೋಡಿ ಔಷಧಿ ಕೊಡುವ ಪದ್ಧತಿ. ಕಿಟ್ಟುಗಳಿಗೆ ಬಣ್ಣಗಳಿವೆ. ಮೂತ್ರದ್ವಾರ ಅಥವಾ ಗುದದ್ವಾರದಿಂದ ಕೀವು ಬಂದರೆ ಬೂದು ಕಿಟ್, ಅದರೊಳಗೆ ಅಜಿತ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ. ಹರ್ಪಿಸ್ ಅಲ್ಲದ ಹುಣ್ಣಿಗೆ ಬಿಳಿ ಕಿಟ್, ಅದರಲ್ಲಿ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಜೊತೆಗೆ ಅಜಿತ್ರೊಮೈಸಿನ್. ಹರ್ಪಿಸ್ ಗುಳ್ಳೆಗೆ ಕೆಂಪು ಕಿಟ್, ಅಂದರೆ ಅಸೈಕ್ಲೊವಿರ್. ಕೀವು, ಹುಣ್ಣು, ಉರಿ ಇದ್ದವನಿಗೆ ಇದಕ್ಕಿಂತ ಬೇಗ, ಇದಕ್ಕಿಂತ ಅಗ್ಗವಾಗಿ ಎಲ್ಲೂ ಕೆಲಸ ಆಗುವುದಿಲ್ಲ. ಕೀವನ್ನು ಗಾಜಿನ ಮೇಲೆ ಹಚ್ಚಿ ಗ್ರಾಂ ಸ್ಟೇನ್ ಮಾಡಿ (ಬಣ್ಣ ಹಾಕಿ) ಸೂಕ್ಷ್ಮದರ್ಶಕದಲ್ಲಿ ನೋಡುವ ವ್ಯವಸ್ಥೆಯೂ ಇರುತ್ತದೆ. ಗುದದೊಳಗೆ ನೋವಿದ್ದರೆ ಪ್ರಾಕ್ಟೊಸ್ಕೋಪ್ (ಗುದದೊಳಗೆ ನೋಡುವ ಕೊಳವೆ) ಹಾಕಿ ನೋಡಿ ಎಂದು ಕೇಳಬೇಕು. ಸಲಕರಣೆ ಇರುತ್ತದೆ, ಬೀರುವಿನಲ್ಲಿ.

ತೊಂದರೆ ಇರುವುದು ಲಕ್ಷಣವೇ ಇಲ್ಲದವನಿಗೆ. ಗಂಟಲಿನ ಗೊನೊರಿಯಾ, ಗುದದ ಕ್ಲಮೈಡಿಯಾ ಬಹುಪಾಲು ಯಾವ ಸುಳಿವೂ ಕೊಡುವುದಿಲ್ಲ. ಆತನಿಗೆ ಈ ಕ್ಲಿನಿಕ್ಕಿನಲ್ಲಿ ಸಿಗುವುದು ‘ಏನೂ ಇಲ್ಲ, ಹೋಗಿ’ ಎಂಬ ಮಾತು. ಬೂದು ಕಿಟ್ ಸಿಕ್ಕಿದರೂ ಗಂಟಲಿನ ಗೊನೊರಿಯಾಗೆ ಸೆಫಿಕ್ಸಿಮ್ ಮಾತ್ರೆ ಸಾಲದು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕು. ಗುದದ ಕ್ಲಮೈಡಿಯಾಗೆ ಒಂದು ಡೋಸ್ ಅಜಿತ್ರೊಮೈಸಿನ್‌ಗಿಂತ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡರಂತೆ ಏಳು ದಿನ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರ ಹತ್ತಿರ ಇದನ್ನು ಕೇಳಲು ಸಂಕೋಚ ಬೇಡ.

ಇನ್ನು ಖಾಸಗಿ ಪ್ಯಾಕೇಜ್. ಬುಕ್ ಮಾಡುವ ಮೊದಲು ಪರೀಕ್ಷೆಗಳ ಪಟ್ಟಿ ಬಿಚ್ಚಿ ನೋಡಿ. ‘ಕ್ಲಮೈಡಿಯಾ ಐಜಿಜಿ, ಐಜಿಎಂ’ ಎಂದಿದ್ದರೆ ಅದು ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ, ಈಗ ಸೋಂಕು ಇದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ‘ಹರ್ಪಿಸ್ ಐಜಿಎಂ’ ಇನ್ನೂ ಕೆಟ್ಟದ್ದು. ಸುಳ್ಳು ಪಾಸಿಟಿವ್ ಕೊಡುತ್ತದೆ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಹೇಳುವುದಿಲ್ಲ. ಎಚ್‌ಎಸ್‌ವಿ-1 (ಹರ್ಪಿಸ್ ವೈರಸ್ಸಿನ ಒಂದು ಬಗೆ) ಐಜಿಜಿ ಪಾಸಿಟಿವ್ ಎಂದರೆ ಬಹುಶಃ ಚಿಕ್ಕಂದಿನಲ್ಲಿ ತುಟಿಯ ಮೇಲೆ ಎದ್ದಿದ್ದ ಗುಳ್ಳೆಯ ಗುರುತು, ಅಷ್ಟೇ. ಗುಳ್ಳೆಯೇ ಇಲ್ಲದವನಿಗೆ ಹರ್ಪಿಸ್ ರಕ್ತಪರೀಕ್ಷೆ ಬೇಕಾಗಿಯೇ ಇಲ್ಲ. ಈ ಮೂರು ಹೆಸರುಗಳೇ ಎಷ್ಟೋ ಪ್ಯಾಕೇಜುಗಳ ಬೆಲೆ ಏರಿಸುತ್ತವೆ. ‘ಯೂರಿನ್ ಕಲ್ಚರ್’ ಕೂಡ ಇಲ್ಲಿ ವ್ಯರ್ಥ, ಅದರಲ್ಲಿ ಕ್ಲಮೈಡಿಯಾ ಬೆಳೆಯುವುದೇ ಇಲ್ಲ.

ಬೇಕಾಗಿರುವುದು ಪಿಸಿಆರ್ ಅಥವಾ ನ್ಯಾಟ್ (ರೋಗಾಣುವಿನ ವಂಶವಾಹಿಯನ್ನೇ ಹುಡುಕುವುದು) ಎಂದು ಬರೆದಿರುವ ಗೊನೊರಿಯಾ-ಕ್ಲಮೈಡಿಯಾ ಪರೀಕ್ಷೆ, ಅದೂ ಮೂರು ಜಾಗದಿಂದ: ಮೂತ್ರ, ಗಂಟಲು, ಗುದ. ಮೂತ್ರ ಮಾತ್ರ ಕೊಟ್ಟು ನೆಗೆಟಿವ್ ರಿಪೋರ್ಟ್ ಹಿಡಿದು ನಿಶ್ಚಿಂತೆಯಾಗಿರುವುದೇ ಈ ಇಡೀ ವ್ಯವಹಾರದ ದೊಡ್ಡ ಮೋಸ. ಬಾಟಮ್ (ಗುದಸಂಭೋಗದಲ್ಲಿ ಒಳಗೆ ತೆಗೆದುಕೊಳ್ಳುವವ) ಆಗಿರುವವನ ಸೋಂಕು ಗುದದಲ್ಲಿದ್ದರೆ ಅದು ಮೂತ್ರಕ್ಕೆ ಬರುವ ದಾರಿ ಯಾವುದು?

ಲ್ಯಾಬಿಗೆ ಮೊದಲೇ ಫೋನ್ ಮಾಡಿ ‘ರೆಕ್ಟಲ್ ಸ್ವ್ಯಾಬ್, ಥ್ರೋಟ್ ಸ್ವ್ಯಾಬ್ ತಗೋತೀರಾ, ನಿಮ್ಮ ಯಂತ್ರದಲ್ಲಿ ಆ ಸ್ಯಾಂಪಲ್ ನಡೆಯುತ್ತಾ’ ಎಂದು ಕೇಳಿ (ಗುದ, ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ತೆಗೆಯುವ ಸ್ಯಾಂಪಲ್ ಅದು). ಕೌಂಟರಿನವರಿಗೆ ಗೊತ್ತಿಲ್ಲದಿದ್ದರೆ ಮೈಕ್ರೊಬಯಾಲಜಿ ವಿಭಾಗಕ್ಕೆ ಕೊಡಿ ಎನ್ನಿ. ಒಂದೊಂದು ಜಾಗಕ್ಕೆ ಬೇರೆ ಬಿಲ್ ಆಗುತ್ತದೆ, ಮೂರೂ ಸೇರಿದರೆ ಸಾವಿರಗಳ ಲೆಕ್ಕ. ದುಡ್ಡು ಕಡಿಮೆ ಇದ್ದರೆ ಮೂತ್ರ ಬಿಡಿ, ಗುದ ಮತ್ತು ಗಂಟಲು ಮಾಡಿಸಿ. ಮೂತ್ರನಾಳದ ಗೊನೊರಿಯಾ ಸಾಮಾನ್ಯವಾಗಿ ಕೀವಿನಿಂದ ತಾನೇ ಕೂಗಿ ಹೇಳುತ್ತದೆ. ಟಾಪ್ (ಒಳಗೆ ಹಾಕುವವ) ಮಾತ್ರ ಆಗಿರುವವನಿಗೆ ಮೂತ್ರ ಮತ್ತು ಗಂಟಲು.

ಗುದದ ಸ್ವ್ಯಾಬ್ ನೀವೇ ತೆಗೆದುಕೊಂಡರೂ ಫಲಿತಾಂಶ ನರ್ಸ್ ತೆಗೆದಷ್ಟೇ ಸರಿ ಇರುತ್ತದೆ. ಕಡ್ಡಿಯ ತುದಿ ಎಲ್ಲಿಗೂ ತಾಗದಂತೆ ಪೊಟ್ಟಣ ಬಿಚ್ಚಿ, ಒಂದು ಕಾಲು ಕಮೋಡಿನ ಮೇಲೆ ಇಟ್ಟುಕೊಂಡು, 3ರಿಂದ 4 ಸೆಂಟಿಮೀಟರ್ ಒಳಗೆ ಬಿಟ್ಟು, ಗೋಡೆಗೆ ತಾಗಿಸಿ ಮೆಲ್ಲಗೆ ಹತ್ತು ಸೆಕೆಂಡು ತಿರುಗಿಸಿ. ಬೇಕಿದ್ದರೆ ತುದಿಯನ್ನು ನೀರಲ್ಲಿ ಒದ್ದೆ ಮಾಡಿಕೊಳ್ಳಬಹುದು, ಜೆಲ್ ಹಚ್ಚಬೇಡಿ. ಹೊರಬಂದ ಕಡ್ಡಿ ಪೂರ್ತಿ ಮಲದಿಂದ ಮುಚ್ಚಿಹೋಗಿದ್ದರೆ ಇನ್ನೊಂದು ಕಡ್ಡಿ ಕೇಳಿ, ಪಿಸಿಆರ್ ಕೆಟ್ಟು ‘ಇನ್‌ವ್ಯಾಲಿಡ್’ ಬರುತ್ತದೆ. ಟ್ಯೂಬಿನ ಅಂಚಿಗೆ ಗುರುತಿರುವಲ್ಲಿ ಕಡ್ಡಿ ಮುರಿದು, ಮುಚ್ಚಳ ಬಿಗಿ ಮಾಡಿ, ಮೇಲೆ ‘ಗುದ’ ಎಂದು ಬರೆದಿದೆಯಾ ನೋಡಿ. ಎರಡು ಟ್ಯೂಬಿನ ಚೀಟಿ ಅದಲುಬದಲಾದರೆ ಚಿಕಿತ್ಸೆಯೂ ತಪ್ಪುತ್ತದೆ. ಗಂಟಲಿನದಕ್ಕೆ ಎರಡೂ ಟಾನ್ಸಿಲ್ ಮತ್ತು ಹಿಂದಿನ ಗೋಡೆ ಸವರಬೇಕು. ಓಕರಿಕೆ ಬರಲಿಲ್ಲ ಎಂದರೆ ಬಹುಶಃ ನಾಲಿಗೆಯನ್ನಷ್ಟೇ ಸವರಿದ್ದಾರೆ. ಮೂತ್ರ ಕೊಡುವುದಾದರೆ ಕನಿಷ್ಠ ಒಂದು ಗಂಟೆ ಹೋಗದೆ ಇದ್ದು, ಮೊದಲ 20-30 ಮಿಲಿಲೀಟರ್ ಮಾತ್ರ. ‘ಮಿಡ್‌ಸ್ಟ್ರೀಮ್ (ನಡುವಿನ ಧಾರೆ) ಹಿಡೀರಿ’ ಎಂದು ಅಭ್ಯಾಸಬಲದಿಂದ ಹೇಳುತ್ತಾರೆ, ಈ ಪರೀಕ್ಷೆಗೆ ಅದು ತಪ್ಪು.

ಏಳೆಂಟು ರೋಗಾಣುಗಳ ‘ಮಲ್ಟಿಪ್ಲೆಕ್ಸ್’ ಪ್ಯಾನೆಲ್ ತೆಗೆದುಕೊಂಡರೆ ಯೂರಿಯಾಪ್ಲಾಸ್ಮಾ (ಒಂದು ಬ್ಯಾಕ್ಟೀರಿಯಾ) ಪಾಸಿಟಿವ್ ಬರುವ ಸಾಧ್ಯತೆ ಇದೆ. ತೊಂದರೆ ಇಲ್ಲದವನಿಗೆ ಅದಕ್ಕೆ ಆಂಟಿಬಯಾಟಿಕ್ ಬೇಡ.

ಸಿಫಿಲಿಸ್ ರಿಪೋರ್ಟ್ ಓದುವುದರಲ್ಲಿ ಎಡವುವವರು ಜಾಸ್ತಿ. ಟಿಪಿಎಚ್‌ಎ (ಸಿಫಿಲಿಸ್‌ನ ಒಂದು ಪ್ರತಿಕಾಯ ಪರೀಕ್ಷೆ) ಒಮ್ಮೆ ಪಾಸಿಟಿವ್ ಆದರೆ ಗುಣವಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ ಇರುತ್ತದೆ. ನೋಡಬೇಕಾದ್ದು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ (ಸೋಂಕು ಈಗ ಎಷ್ಟು ಚುರುಕಾಗಿದೆ ಎಂದು ತೋರಿಸುವ ಪರೀಕ್ಷೆಗಳು) ಪಕ್ಕದ ಅಂಕಿ, 1ರ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. 1:32 ಇದ್ದದ್ದು ಪೆನಿಸಿಲಿನ್ ನಂತರ 6ರಿಂದ 12 ತಿಂಗಳಲ್ಲಿ 1:8ಕ್ಕೆ ಅಥವಾ ಕೆಳಗೆ ಇಳಿದರೆ ಔಷಧಿ ಹಿಡಿದಿದೆ. 1:4 ಇದ್ದದ್ದು 1:16 ಆದರೆ ಹೊಸ ಸೋಂಕು ಎಂದೇ ಅನುಮಾನಿಸಬೇಕು. 1:8 ಇದ್ದದ್ದು 1:16 ಆದರೆ ಅದು ಪರೀಕ್ಷೆಯ ಏರುಪೇರು, ಗಾಬರಿ ಬೇಡ. ಪ್ರತಿ ಸಲ ಅದೇ ಲ್ಯಾಬ್, ಅದೇ ಪರೀಕ್ಷೆ ಇರಲಿ, ವಿಡಿಆರ್‌ಎಲ್ ಅಂಕಿಯನ್ನು ಆರ್‌ಪಿಆರ್ ಅಂಕಿಗೆ ಹೋಲಿಸಲಾಗದು. ಅಂಗೈ, ಅಂಗಾಲಿನಲ್ಲಿ ಕಜ್ಜಿಯಂಥ ಗುರುತು ಇದ್ದೂ ‘ನಾನ್ ರಿಯಾಕ್ಟಿವ್’ ಬಂದರೆ ರಕ್ತವನ್ನು ತೆಳು ಮಾಡಿ ಮತ್ತೆ ನೋಡಿ ಎಂದು ಕೇಳಿ. ಪ್ರತಿಕಾಯ ಅತಿಯಾದಾಗಲೂ ಈ ಪರೀಕ್ಷೆ ಸುಳ್ಳು ನೆಗೆಟಿವ್ ಹೇಳುತ್ತದೆ.

ಅವಧಿಯ ಲೆಕ್ಕ, ಅಂದರೆ ಸಂಪರ್ಕವಾದ ಎಷ್ಟು ದಿನಕ್ಕೆ ಪರೀಕ್ಷೆಯನ್ನು ನಂಬಬಹುದು: ಗೊನೊರಿಯಾ, ಕ್ಲಮೈಡಿಯಾ ಪಿಸಿಆರ್‌ಗೆ ಎರಡು ವಾರ. ಎಚ್‌ಐವಿಗೆ ಲ್ಯಾಬಿನ ನಾಲ್ಕನೇ ತಲೆಮಾರಿನ (ವೈರಸ್ಸಿನ ಅಂಶವನ್ನೂ ಪ್ರತಿಕಾಯವನ್ನೂ ಹುಡುಕುವ) ಪರೀಕ್ಷೆ 45 ದಿನಕ್ಕೆ ನಂಬಬಹುದು, ರ‍್ಯಾಪಿಡ್ ಕಿಟ್‌ಗೆ 90 ದಿನ. ಸಿಫಿಲಿಸ್‌ಗೂ ಮೂರು ತಿಂಗಳು ಹಿಡಿಯಿರಿ. ನಿನ್ನೆ ರಾತ್ರಿ ಕಾಂಡೋಮ್ ಹರಿದಿದ್ದರೆ ಪರೀಕ್ಷೆಗೆ ಕಾಯುವುದಲ್ಲ, 72 ಗಂಟೆಯೊಳಗೆ ಪೆಪ್ (ಸಂಪರ್ಕದ ನಂತರ ಎಚ್‌ಐವಿ ತಡೆಯುವ ಮಾತ್ರೆ) ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ತಪ್ಪದೆ. ಪ್ರೆಪ್ (ಎಚ್‌ಐವಿ ಬಾರದಂತೆ ಮುಂಚೆಯೇ ನುಂಗುವ ಮಾತ್ರೆ) ತೆಗೆದುಕೊಳ್ಳುವವರು ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆಯ ಜೊತೆಗೇ ಉಳಿದದ್ದನ್ನೂ ಮುಗಿಸಿಕೊಳ್ಳಬಹುದು, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಕೂಡ. ಸಂಗಾತಿಗಳು ಹೆಚ್ಚಿದ್ದವರಿಗೂ ಇದೇ ಮೂರು ತಿಂಗಳು.

ಒಮ್ಮೆ ಮಾತ್ರ ಮಾಡಿಸಬೇಕಾದದ್ದು ಹೆಪಟೈಟಿಸ್ ಬಿ: ಎಚ್‌ಬಿಎಸ್‌ಎಜಿ (ಈಗ ಸೋಂಕು ಇದೆಯೇ ಎಂದು ನೋಡುವುದು) ಜೊತೆ ಆಂಟಿ-ಎಚ್‌ಬಿಎಸ್ (ರಕ್ಷಣೆ ಇದೆಯೇ ಎಂದು ನೋಡುವುದು). ಎರಡನೆಯದು 10ಕ್ಕಿಂತ ಕೆಳಗಿದ್ದು ಹಿಂದೆ ಲಸಿಕೆ ಹಾಕಿಸಿಲ್ಲವಾದರೆ 0, 1, 6 ತಿಂಗಳಿಗೆ ಮೂರು ಲಸಿಕೆ.

ಕೊನೆಗೆ ಆ್ಯಪ್ ಬುಕಿಂಗಿನ ಒಂದು ಕಿರಿಕಿರಿ. ಮನೆಯವರೆಲ್ಲರ ಹೆಸರು ಒಂದೇ ನಂಬರಿಗೆ ಜೋಡಿಸಿರುವ ಖಾತೆಯಿಂದ ಬುಕ್ ಮಾಡಿದರೆ ರಿಪೋರ್ಟ್ ಅಪ್ಪನ ವಾಟ್ಸಾಪಿಗೆ ಹೋಗಬಹುದು. ಬೇರೆ ನಂಬರ್, ಬೇರೆ ಇಮೇಲ್ ಕೊಟ್ಟು ಬೇರೆ ಖಾತೆ ತೆರೆಯಿರಿ, ರಕ್ತವನ್ನು ಮನೆಯಲ್ಲಿ ಕೊಡುವ ಬದಲು ಸೆಂಟರಿಗೇ ಹೋಗಿ ಕೊಡಿ. ಸ್ವ್ಯಾಬ್‌ಗೆ ಹೇಗೂ ಹೋಗಲೇಬೇಕು.