ಹಳೇ ಕ್ಯಾರವಾನಿಗೆ ರೇಡಿಯೊ: ಬೆಳಗಾವಿ ಉದ್ಯಮಬಾಗದ ಒಂದು ವರ್ಕ್‌ಶಾಪಿನ ಕೆಲಸ

ವೈರಿಂಗ್ ಅಚ್ಚುಕಟ್ಟು. 50 ವ್ಯಾಟಿನ ವಿಎಚ್‌ಎಫ್ ಸೆಟ್ (ಮಾತು ಕಳಿಸಿ ಕೇಳುವ ರೇಡಿಯೊ) ಮಾತಾಡುವಾಗ 10ರಿಂದ 12 ಆಂಪಿಯರ್ ಎಳೆಯುತ್ತದೆ. ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೆ ವೋಲ್ಟೇಜ್ ಕುಸಿದು ದನಿ ಒಡೆಯುತ್ತದೆ. ವರ್ಕ್‌ಶಾಪಿನವರು ನೇರ ಬ್ಯಾಟರಿಯಿಂದ 4 ಚದರ ಮಿಮೀ ತಾಮ್ರದ ವೈರ್ ಎಳೆದು, ಟರ್ಮಿನಲ್ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್ ಕೂರಿಸಿದ್ದಾರೆ. ಅರ್ತ್ ಬೋಲ್ಟಿನ ತುಕ್ಕನ್ನು ಲೋಹ ಹೊಳೆಯುವ ತನಕ ಎಮರಿ ಪೇಪರಿನಿಂದ ತಿಕ್ಕಿದ್ದು ತುಂಬ ಮೆಚ್ಚಬೇಕಾದ್ದು. ಹಳೇ ಗಾಡಿಯಲ್ಲಿ ಕಿರಿಕಿರಿ ಸದ್ದು ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಆಂಟೆನಾದಲ್ಲಿ ಮಾತ್ರ ಎಡವಿದ್ದಾರೆ. ಛಾವಣಿ ಫೈಬರಿನದು, ಅಡಿಯಲ್ಲಿ ಲೋಹವೇ ಇಲ್ಲ. 145 ಮೆಗಾಹರ್ಟ್ಸಿಗೆ ತರಂಗದುದ್ದದ ಕಾಲುಭಾಗದ ಆಂಟೆನಾ ಕಡ್ಡಿ ಸುಮಾರು 49 ಸೆಂಮೀ. ಸುತ್ತಲೂ ಅಷ್ಟೇ ಅಗಲ ತಗಡು ಬೇಕು. ಅಂಗೈಯಗಲದ ತುಂಡು ಅಂಟಿಸಿದ್ದರಿಂದ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆಂಬ ಅಳತೆ; 1 ಆದರೆ ಪೂರ್ತಿ ಹೊಂದಿಕೆ) 2 ದಾಟಿತ್ತು. ಒಳಗಿನಿಂದ ಒಂದು ಮೀಟರ್ ಚೌಕದ ಅಲ್ಯೂಮಿನಿಯಂ ಶೀಟ್ ಅಂಟಿಸಿ, ಆಂಟೆನಾ ಬುಡಕ್ಕೆ ಬಿಗಿದ ಮೇಲೆ 1.5ಕ್ಕಿಂತ ಕೆಳಗಿಳಿಯಿತು.

ಆಂಟೆನಾಗೆ ಛಾವಣಿಯಲ್ಲಿ ಕೊರೆದ ತೂತು ಮುಚ್ಚಲು ಹುಳಿ ವಾಸನೆಯ ಸಿಲಿಕೋನ್ ಬೇಡವೆನ್ನಿ, ಅದು ಲೋಹವನ್ನು ತಿನ್ನುತ್ತದೆ. ಬ್ಯುಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಕೇಳಿ. ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಮರದ ಕೊಂಬೆ ತಾಗದಂತೆ ಆಂಟೆನಾ ಮಡಚುವ ಮೌಂಟೇ ಸರಿ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇಲ್ಲದವರು ಈ ಸೆಟ್ಟಿನಲ್ಲಿ ಮಾತಾಡುವಂತಿಲ್ಲ.