ಆರೈಕೆ ಉತ್ತಮ, ದಾಖಲೆ ಕೊಡಲು ಹಿಂದೇಟು

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ಅತ್ತೆಯವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ದಾದಿಯರ ಆರೈಕೆಯ ಬಗ್ಗೆ ಎರಡು ಮಾತಿಲ್ಲ. ಔಷಧ ಕೊಡುವ ಮೊದಲು ಪ್ರತಿ ಸಲವೂ ಕೈಪಟ್ಟಿಯಲ್ಲಿನ ಹೆಸರನ್ನು ಓದಿ, ಅವರ ಬಾಯಿಂದಲೂ ಹೇಳಿಸಿ ಖಚಿತಪಡಿಸಿಕೊಳ್ಳುತ್ತಿದ್ದರು. ಆದರೆ ತುಳು, ಕನ್ನಡ ಮಾತ್ರ ಬಲ್ಲ ಅವರಿಂದ ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ, ಅಪಾಯಗಳನ್ನು ವಿವರಿಸದೆಯೇ ಸಹಿ ಹಾಕಿಸಿಕೊಂಡದ್ದು ಖಂಡಿತ ಸರಿಯಲ್ಲ. ಬಿಡುಗಡೆಯ ನಂತರ ಕೇಸ್ ಶೀಟಿನ ಪ್ರತಿ ಕೇಳಿದಾಗ, ‘ಪೊಲೀಸ್ ಕೇಸ್ ಇದ್ದರೆ ಮಾತ್ರ ಕೊಡುತ್ತೇವೆ’ ಎಂದು ದಾಖಲೆ ವಿಭಾಗದವರು ಹೇಳಿದರು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ರೋಗಿಯೇ ಕೇಳಿದರೂ 72 ಗಂಟೆಗಳೊಳಗೆ ದಾಖಲೆ ನೀಡಬೇಕು. ಅದನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಮೇಲಷ್ಟೇ ಪ್ರತಿಗಳು ಕೈಸೇರಿದವು. ಅಲ್ಲಿ ದಾಖಲಾಗುವವರು ಬಿಡುಗಡೆಯ ದಿನವೇ ಅರ್ಜಿ ಕೊಡುವುದು ಒಳಿತು.